ಬ್ಯಾರನ್ನಿನೊಳಗಿನ ಆಮೆ

ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದ ಎನ್ನುತ್ತಾರೆ. ನನಗೆ ಬಂದ ಐಶ್ವರ್ಯ ಹತ್ತು ದಿನದ ಒಂದು ತರಬೇತಿ. ಕೊಡೆಯನ್ನು ಎರಡು ವರ್ಷ ಹಿಡಿದುಕೊಂಡೇ ತಿರುಗಿದೆ.

ನಾನು ಹುಣಸೂರಿನಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು. ಒಂದು ಬೇಸಿಗೆ ರಜೆಯಲ್ಲಿ, ಊಟ ವಸತಿ ಅವರದೇ ಎಂಬ ಆಸೆಗೆ, ಕಡಲತೀರದ ಶಿಬಿರವೊಂದಕ್ಕೆ ಹೋಗಿದ್ದೆ. ಗಾಯಗೊಂಡು ದಡಕ್ಕೆ ಬಿದ್ದ ಕಡಲಾಮೆಗಳನ್ನು ಅಲ್ಲಿ ನೋಡಿಕೊಳ್ಳುತ್ತಿದ್ದರು. ಬಲೆಯ ದಾರ ಬಿಗಿದು ಕಾಲು ಕೊಳೆತವು, ದೋಣಿಯ ಮೋಟಾರು ತಗುಲಿ ಚಿಪ್ಪು ಬಿರಿದವು. ನಾನು ಮಾಡಿದ್ದು ಬಕೆಟ್ ಹೊತ್ತದ್ದು, ಬಟ್ಟೆ ಹಿಂಡಿದ್ದು, ದೊಡ್ಡವರು ಹೇಳಿದಷ್ಟು ಕೆಲಸ. ಆದರೆ ಏಳನೆಯ ದಿನಕ್ಕೆಲ್ಲ ಹೊಸದಾಗಿ ಬಂದವರಿಗೆ ನಾನೇ ಪಾಠ ಶುರು ಮಾಡಿದ್ದೆ. ಮೇಷ್ಟ್ರ ಜಾತಿಯ ಚಾಳಿ ಅದು, ಕೇಳುವ ಒಂದು ಮುಖ ಎದುರಿಗಿದ್ದರೆ ಸಾಕು.

ಊರಿಗೆ ಬಂದ ಮೇಲೆ ಪ್ರಾರ್ಥನೆಯ ಹೊತ್ತಿನಲ್ಲಿ ಹೆಡ್ಮಾಸ್ಟರು ನನ್ನನ್ನು ಹೊಗಳಿದರು. ಅಷ್ಟೇ ಸಾಕಾಯಿತು. ಹುಣಸೂರಿಗೂ ಕಡಲಿಗೂ ಏನೂ ಸಂಬಂಧವಿಲ್ಲದಿದ್ದರೂ ನಾನು ‘ಆಮೆ ಮೇಡಂ’ ಆಗಿಬಿಟ್ಟೆ. ಲಕ್ಷ್ಮಣತೀರ್ಥದ ದಡದಲ್ಲಿ, ಕೆರೆ ಏರಿಯ ಮೇಲೆ, ರಸ್ತೆಯ ನಡುವೆ ಎಲ್ಲಿ ಆಮೆ ಕಂಡರೂ ನನಗೆ ಫೋನು. ಮೊದಲು ಹಿಗ್ಗಿದೆ. ಆಮೇಲೆ ಈ ಜನರನ್ನು ಕಂಡು ಕಂಡು ಹೇಸಿದೆ. ಒಂದು ಮನೆಯವರು ಆಮೆಗೆ ಅರಿಶಿನ ಕುಂಕುಮ ಬಳಿದು, ಎದುರಿಗೆ ತೆಂಗಿನಕಾಯಿ ಒಡೆದು, ಮೂತಿಗೆ ಹಾಲು ಹಿಡಿದಿದ್ದರು. ಅದು ಕುಡಿಯಲಿಲ್ಲವೆಂದು ಅವರಿಗೆ ಬೇಜಾರು ಬೇರೆ. ಹೊಸ ಬಡಾವಣೆಯ ಒಬ್ಬ ನಿವೃತ್ತರು ಆಮೆಯನ್ನು ಸಂಪಿನಲ್ಲಿ ಬಿಟ್ಟು ಮುಚ್ಚಳ ಹಾಕಿದ್ದರು. ಆಮೆ ಇದ್ದರೆ ನೀರು ಶುದ್ಧವಾಗಿರುತ್ತದಂತೆ, ಹಿಂದೆ ಬಾವಿಗೆ ಬಿಡುತ್ತಿದ್ದರಂತೆ. ‘ಅದರ ಉಚ್ಚೆಯನ್ನೂ ನೀವೇ ಕುಡಿಯುತ್ತೀರಿ’ ಎಂದೆ. ಅವರು ಇವತ್ತಿಗೂ ನನ್ನೊಡನೆ ಮಾತಾಡುವುದಿಲ್ಲ, ನನಗೇನೂ ನಷ್ಟವಾಗಿಲ್ಲ. ಗರಿಗರಿ ಬಿಳಿ ಅಂಗಿಯ ಮರಿ ಮುಖಂಡನೊಬ್ಬ ಆಮೆಯನ್ನು ಮಗುಚಿ ಹಿಡಿದು ಎರಡು ಬೆರಳು ತೋರಿಸಿ ಹಲ್ಲು ಕಿರಿದು ಫೋಟೋ ತೆಗೆಸಿಕೊಂಡ. ಅಂಗಾತ ಹಿಡಿದರೆ ಅದಕ್ಕೆ ಉಸಿರು ಕಟ್ಟುತ್ತದೆ ಎಂದರೆ, ‘ಒಂದೇ ನಿಮ್ಸ ಮೇಡಂ, ಇನ್ನೊಂದು ಫೋಟೋ’ ಎಂದ.

ಇಂಥವರಿಗೆ ಹೇಳಿ ಹೇಳಿ ನನ್ನಲ್ಲೊಂದು ಸಿದ್ಧಾಂತ ಬೆಳೆದಿತ್ತು. ಈ ಜನಕ್ಕೆ ಒಂದೇ ಮಾತು ಹೇಳಬೇಕು. ಎರಡು ಹೇಳಿದರೆ ಎರಡನ್ನೂ ಕೆಡಿಸುತ್ತಾರೆ. ಸ್ಟಾಫ್ ರೂಮಿನಲ್ಲಿ ಇದನ್ನು ನಾನು ಬಹಳ ಸಲ ಹೇಳಿದ್ದೇನೆ, ಹೇಳಿದಾಗಲೆಲ್ಲ ಸಹೋದ್ಯೋಗಿಗಳು ತಲೆದೂಗಿದ್ದಾರೆ. ಅವರೂ ಮೇಷ್ಟ್ರುಗಳೇ ತಾನೆ.

ಆ ಏಪ್ರಿಲ್‌ನಲ್ಲಿ ಹನಗೋಡು ಕಡೆಯ ನಾಲೆಯಲ್ಲಿ ನೀರು ನಿಲ್ಲಿಸಿ ಜೆಸಿಬಿಯಲ್ಲಿ ಹೂಳು ತೆಗೆಸುತ್ತಿದ್ದರು. ಒಂದು ಬೆಳಿಗ್ಗೆ ಆ ಕಡೆಯ ಹಳ್ಳಿಯಿಂದ ಫೋನು ಬಂತು. ಮಾತಾಡಿದವರು ಹೊಗೆಸೊಪ್ಪು ಬೆಳೆಯುವ ಒಬ್ಬ ರೈತರು.

‘ಮೇಡಮ್ಮೋರೇ, ಆಮೆಗೆ ಜೆಸಿಬಿ ಅಲ್ಲು ತಗುಲ್ಬುಡ್ತು. ಬೆನ್ನು ಸೀಳೋಗದೆ. ಇನ್ನೂ ಜೀವ ಅದೆ. ಬೇಗ ಬನ್ನಿ.’

ಸ್ಕೂಟರಿನಲ್ಲಿ ಹೋದೆ. ನಾಲೆಗೆ ಸಿಮೆಂಟು ಹಾಕಿದ ಮೇಲೆ ನೀರು ನಿಂತಾಗ ಆಮೆಗಳಿಗೆ ಮೇಲೆ ಹತ್ತಲು ಆಗುವುದಿಲ್ಲ, ಉಳಿದ ಕೆಸರಿನಲ್ಲಿ ಹುದುಗಿಕೊಂಡು ಕೂತಿರುತ್ತವೆ. ಇದು ಹಾಗೆ ಕೂತ ಕರಿ ಆಮೆ, ಊಟದ ತಟ್ಟೆಗಿಂತ ಸ್ವಲ್ಪ ಚಿಕ್ಕದು. ಚಿಪ್ಪಿನ ಬಲಭಾಗದಲ್ಲಿ ಬೆರಳುದ್ದ ಬಿರುಕು, ಒಳಗಿನ ಗುಲಾಬಿ ಮಾಂಸ ಉಸಿರಿಗೆ ತಕ್ಕಂತೆ ಮೇಲೆ ಕೆಳಗೆ ಆಡುತ್ತಿತ್ತು. ಸುತ್ತ ಇಪ್ಪತ್ತು ಜನ, ಇಪ್ಪತ್ತು ಫೋನು, ನಲವತ್ತು ಸಲಹೆ.

‘ನೀರ್ಗೆ ಬುಡ್ರಿ, ನೀರಿನ ಪ್ರಾಣಿ ಅದು’ ಎಂದ ಒಬ್ಬ.

‘ಅರ್ಶ್ನ ಮೆತ್ತು ಕಣ್ಲಾ, ಕೂಡ್ಕೊತದೆ’ ಎಂದ ಇನ್ನೊಬ್ಬ. ಮೂರನೆಯವನು ವಿಡಿಯೋಗೆ ಸರಿಯಾಗಿ ಕಾಣಲೆಂದು ಕಡ್ಡಿಯಿಂದ ಅದರ ತಲೆಯನ್ನು ಚುಚ್ಚಿ ಹೊರಗೆ ತರಿಸಲು ನೋಡುತ್ತಿದ್ದ. ಅವನ ಕೈಯಿಂದ ಕಡ್ಡಿ ಕಿತ್ತು ನಾಲೆಗೆ ಎಸೆದೆ.

ಫೋನು ಮಾಡಿದ ರೈತರು ಮಾತ್ರ ಆಮೆಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಬಿಸಿಲು ಬೀಳದ ಹಾಗೆ ತಮ್ಮ ಟವೆಲನ್ನು ಎರಡು ಕೈಯಲ್ಲಿ ಅಗಲಿಸಿ ಹಿಡಿದಿದ್ದರು. ಐವತ್ತು ದಾಟಿದವರು, ಸಣಕಲು ಮೈ. ನನಗಿಂತ ವಯಸ್ಸಿನಲ್ಲಿ ದೊಡ್ಡವರಾದರೂ ನನ್ನನ್ನು ಕಂಡ ಕೂಡಲೇ ಎದ್ದು ನಿಂತರು.

‘ಜೆಸಿಬಿಯೋರು ಮುಂದುಕ್ಕೆ ಒಂಟೋಗಿದ್ರು ಮೇಡಮ್ಮೋರೇ. ನಮ್ ತೂಬಿನ ತಾವ ಒಂದ್ ಬಕೇಟು ತೆಗ್ದು ಓಗ್ರಪ್ಪ ಅಂತ ನಾನೇ ಕೈ ಮುಗ್ದು ಕರ್ದೆ. ಆ ಒಂದು ಬಕೇಟ್ಗೆ ಇದು ಸಿಕ್ಬುಡ್ತು. ನನ್ ಒಲದ ನೀರ್ಗೋಸ್ಕರ ಇಂಗಾಯ್ತು. ಬದುಕ್ತದಾ?’

‘ನೋಡೋಣ’ ಎಂದೆ.

‘ಬದುಕ್ಬೇಕು ಮೇಡಮ್ಮೋರೇ. ಇಲ್ದಿದ್ರೆ ಆ ನೀರು ಕಟ್ಟಕ್ಕೆ ನಂಗೆ ಕೈ ಬರಾಕಿಲ್ಲ.’

ಇದು ನಾಟಕವಲ್ಲ ಎಂದು ನನಗೆ ಗೊತ್ತಾಯಿತು. ಗೊತ್ತಾದರೂ ಇಪ್ಪತ್ತು ಜನರ ಮೇಲಿದ್ದ ಸಿಟ್ಟಿನ ಮೂಟೆಯಲ್ಲಿ ಅವರನ್ನೂ ಸೇರಿಸಿ ಕಟ್ಟಿದೆ. ಆಸ್ಪತ್ರೆಯ ಉಪ್ಪುನೀರಿನ ಬಾಟಲಿ ತಂದಿದ್ದೆ, ಅದರಲ್ಲಿ ಗಾಯ ತೊಳೆದೆ, ಕಂದು ಔಷಧಿ ಹಚ್ಚಿದೆ, ಬಟ್ಟೆ ಇಟ್ಟು ಪಟ್ಟಿ ಅಂಟಿಸಿದೆ. ಅರಣ್ಯದವರಿಗೆ ಫೋನು ಮಾಡಿದಾಗ, ವೀರನಹೊಸಹಳ್ಳಿ ಕಡೆ ಆನೆಗಳು ಹೊಲಕ್ಕಿಳಿದಿವೆ, ಗಾಡಿ ಜನ ಎಲ್ಲ ಅಲ್ಲೇ ಇದ್ದಾರೆ, ಬಿಡುವಾದ ಕೂಡಲೇ ಬರುತ್ತೇವೆ, ಅಲ್ಲಿಯವರೆಗೆ ನೋಡಿಕೊಳ್ಳಿ ಮೇಡಂ ಎಂದರು. ನಾನು ಮನೆಗೆ ಒಯ್ಯಬಹುದಿತ್ತು. ಮಾರನೆಯ ದಿನದಿಂದ ನನಗೆ ಮೈಸೂರಿನಲ್ಲಿ ಎಸ್ಸೆಸ್ಸೆಲ್ಸಿ ಪೇಪರು ತಿದ್ದುವ ಕೆಲಸವಿತ್ತು. ಬೇಡವೆನಿಸಿತು.

‘ನಾನ್ ನೋಡ್ಕತೀನಿ ಮೇಡಮ್ಮೋರೇ. ಎಂಗ್ ಮಾಡ್ಬೇಕು ಅಂತ ಯೋಳಿ, ಅಂಗೇ ಮಾಡ್ತೀನಿ’ ಎಂದರು ರೈತರು.

ಹೇಳಬೇಕಾದ್ದು ಎರಡು ಮಾತು. ಒಂದು, ಚಿಪ್ಪು ಒಡೆದ ಆಮೆಯನ್ನು ನೀರಿಗೆ ಬಿಡಬಾರದು, ಬಿರುಕಿನಿಂದ ನೀರು ಒಳಗಿಳಿದರೆ ಸಾಯುತ್ತದೆ. ಒಣಗಿದ, ಬೆಚ್ಚಗಿನ ಜಾಗದಲ್ಲಿಡಬೇಕು. ಎರಡು, ಹಾಗೆ ಒಣಗಲು ಇಟ್ಟಾಗ ಬೆಳಿಗ್ಗೆ ಸಂಜೆ ಗಾಯ ಬಿಟ್ಟು ಉಳಿದ ಮೈಮೇಲೆ ಒದ್ದೆ ಬಟ್ಟೆ ಹೊದಿಸಬೇಕು, ಕುಡಿಯಲು ಮೂತಿಯ ಮುಂದೆ ತಟ್ಟೆಯಲ್ಲಿ ಒಂದಿಷ್ಟು ನೀರಿಡಬೇಕು. ಈ ಎರಡನೆಯದು ನನಗೆ ಪುಸ್ತಕದಿಂದ ಬಂದದ್ದಲ್ಲ. ಕಡಲತೀರದ ಆ ಹತ್ತು ದಿನ ಬಟ್ಟೆ ಹಿಂಡಿ ಹೊದಿಸುತ್ತಿದ್ದದ್ದೇ ನಾನು.

ಆದರೆ ಎರಡು ಮಾತು ಹೇಳಿದರೆ ಎರಡನ್ನೂ ಕೆಡಿಸುತ್ತಾರಲ್ಲ. ಒದ್ದೆ ಬಟ್ಟೆ ಎಂದರೆ ಬಕೆಟ್ ನೀರು ಸುರಿಯುತ್ತಾರೆ, ತಟ್ಟೆ ಎಂದರೆ ತೊಟ್ಟಿಗೇ ಬಿಡುತ್ತಾರೆ. ಸುತ್ತ ಆಗಲೇ ‘ನೀರ್ಗೆ ಬುಡ್ರಿ’ ಎಂಬ ಕೂಗು ನಿಂತಿರಲಿಲ್ಲ. ಅದಕ್ಕೇ ಒಂದನ್ನೇ ಹೇಳಿದೆ.

‘ನೀರು ತೋರಿಸಬೇಡಿ. ಒಣಗಿದ ಕಡೆ ಬೆಚ್ಚಗಿಡಿ. ಅಷ್ಟೇ.’

‘ಕುಡ್ಯಕ್ಕೂ ಬ್ಯಾಡ್ವಾ?’

‘ನೀರು ಬೇಡ ಅಂದೆನಲ್ಲ. ಒಂದು ಸಲ ಹೇಳಿದರೆ ತಿಳಿಯೋದಿಲ್ವೇನ್ರೀ ನಿಮಗೆ?’

ಜನ ನಕ್ಕರು. ರೈತರು ತಲೆ ತಗ್ಗಿಸಿ, ‘ತಿಳೀತು ಮೇಡಮ್ಮೋರೇ. ಎಷ್ಟ್ ದಿವ್ಸ?’ ಎಂದರು.

‘ನಾನು ಬಂದು ಹೇಳೋವರೆಗೆ.’

ಮೈಸೂರಿನಲ್ಲಿ ಪೇಪರು ತಿದ್ದುವ ಕೋಣೆ ಎಂದರೆ ಸಾಲು ಸಾಲು ಬೆಂಚು, ಕೆಂಪು ಪೆನ್ನು, ಸೆಖೆ, ಗೊಣಗಾಟ. ಮೂರನೆಯ ದಿನ ರೈತರ ಫೋನು ಬಂತು. ನಾನು ಎತ್ತಲಿಲ್ಲ. ಅವರ ನಂಬರನ್ನು ನಾನು ‘ಆಮೆ ಗೌಡ್ರು’ ಎಂದು ಹಾಕಿಕೊಂಡಿದ್ದೆ, ಪರದೆಯ ಮೇಲೆ ಅದನ್ನು ಕಂಡ ಪಕ್ಕದ ಮೇಡಂ ಯಾರೆಂದು ಕೇಳಿದರು. ಕಥೆ ಹೇಳಿದೆ. ‘ಆಮೆಗೆ ಮುದ್ದೆ ಹಾಕಬಹುದೋ ಅನ್ನ ಹಾಕಬೇಕೋ ಅಂತ ಕೇಳೋಕೆ ಮಾಡಿರ್ತಾರೆ’ ಎಂದೆ. ಬೆಂಚು ಪೂರ್ತಿ ನಕ್ಕಿತು. ಐದನೆಯ ದಿನ ಮತ್ತೆ ಬಂತು, ಮತ್ತೆ ನಕ್ಕೆವು.

ಎಂಟನೆಯ ದಿನ ಊಟದ ಹೊತ್ತಿನಲ್ಲಿ ಎತ್ತಿದೆ.

‘ಗಾಯ ಚೆನ್ನಾಗಿ ಒಣ್ಗದೆ ಮೇಡಮ್ಮೋರೇ. ಬೆಚ್ಚುಗೂ ಅದೆ. ಆದ್ರೆ ಕಣ್ಣು ಬುಡ್ತಾನೇ ಇಲ್ಲ. ಒಳೀಕೆ ಓಗ್ದಂಗೆ ಕಾಣ್ತದೆ.’

ಕಣ್ಣು ಗುಳಿ ಬೀಳುವುದು ಏತರ ಗುರುತು ಎಂದು ಕಡಲತೀರದಲ್ಲಿ ಮೊದಲ ದಿನವೇ ಹೇಳಿಕೊಟ್ಟಿದ್ದರು. ಮೈಯಲ್ಲಿ ನೀರಿಲ್ಲ ಎಂದು ಅದರ ಅರ್ಥ. ನನ್ನ ಕೈಯಲ್ಲಿ ಚಪಾತಿ ಇತ್ತು, ಪಕ್ಕದಲ್ಲಿ ಯಾರೋ ಮಾತಾಡಿಸುತ್ತಿದ್ದರು. ‘ನಿದ್ದೆ ಮಾಡುತ್ತಿರುತ್ತೆ. ಹಾಗೇ ಇಡಿ, ಬರ್ತೀನಿ’ ಎಂದು ಇಟ್ಟೆ. ಇದನ್ನು ನಾನು ಯಾರಿಗೂ ಹೇಳಿಲ್ಲ. ಈಗ ಬರೆಯುತ್ತಿದ್ದೇನೆ.

ಹನ್ನೊಂದನೆಯ ದಿನ ಪೇಪರು ಮುಗಿಯಿತು, ಅರಣ್ಯದವರಿಗೂ ಬಿಡುವಾಯಿತು. ಒಬ್ಬ ಗಾರ್ಡು ಜೀಪಿನಲ್ಲಿ ಬರುತ್ತೇನೆಂದರು. ನಾನು ಆ ಬೆಳಿಗ್ಗೆ ಒಳ್ಳೆಯ ಕೈಮಗ್ಗದ ಸೀರೆ ಉಟ್ಟೆ. ಗುಣವಾದ ಆಮೆಯನ್ನು ಕೈಯಲ್ಲಿ ಹಿಡಿದು ಒಂದು ಫೋಟೋ ಬೇಕಿತ್ತು, ಶಾಲೆಯ ಬೋರ್ಡಿಗೆ. ಬಿಳಿ ಅಂಗಿಯ ಮುಖಂಡನನ್ನು ಬೈದ ಬಾಯಿ ಇದೇ.

ಹಳ್ಳಿಯ ಟೀ ಅಂಗಡಿಯ ಮುಂದೆ ಸ್ಕೂಟರ್ ನಿಲ್ಲಿಸಿ ಅವರ ಮನೆ ಯಾವುದೆಂದು ಕೇಳಿದೆ. ಬೆಂಚಿನ ಮೇಲಿದ್ದವರು ಒಬ್ಬರನ್ನೊಬ್ಬರು ನೋಡಿಕೊಂಡು ಕಿಸಕ್ಕನೆ ನಕ್ಕರು.

‘ಆಮೆ ಬೇಯಿಸ್ತಾವ್ನಲ್ಲ, ಅವ್ನಾ? ಅಗಾ, ಒಗೆ ಕಾಣ್ತದಲ್ಲ, ಅಲ್ಗೋಗಿ.’

ಹೊಗೆಸೊಪ್ಪು ಒಣಗಿಸುವ ಯಾವ ಬ್ಯಾರನ್ನಿನಲ್ಲೂ ಏಪ್ರಿಲ್‌ನಲ್ಲಿ ಹೊಗೆ ಏಳುವುದಿಲ್ಲ. ಸಸಿ ಇನ್ನೂ ಮಡಿಯಲ್ಲೇ ಇರುತ್ತದೆ, ಸೊಪ್ಪು ಮುರಿದು ಒಣಗಿಸಲು ಮಳೆಗಾಲ ಬರಬೇಕು. ಅಲ್ಲಿಯವರೆಗೆ ಆ ಎತ್ತರದ ಇಟ್ಟಿಗೆ ಕೋಣೆಗಳು ಬಾಗಿಲು ಹಾಕಿಕೊಂಡು ನಿಂತಿರುತ್ತವೆ. ಇದೊಂದರ ನೆತ್ತಿಯಲ್ಲಿ ತೆಳ್ಳಗೆ ಹೊಗೆ. ಸ್ಕೂಟರನ್ನು ಆ ಕಡೆಗೆ ತಿರುಗಿಸಿದೆ.

ರೈತರು ಬ್ಯಾರನ್ನಿನ ಒಲೆಯ ಮುಂದೆ ಕೂತಿದ್ದರು. ಕಣ್ಣು ಕೆಂಪಗಿದ್ದವು. ನನ್ನನ್ನು ಕಂಡು ಮುಖ ಅರಳಿತು. ಗಾರ್ಡಿನ ಜೀಪು ಕೂಡ ಅಷ್ಟರಲ್ಲಿ ಬಂತು.

‘ಒಣಗಿದ್ ಜಾಗ, ಬೆಚ್ಗಿನ್ ಜಾಗ ಅಂದ್ರೆ ನಮಗೆ ಇದ್ಕಿಂತ ಬೇರೆ ಎಲ್ಲದೆ ಮೇಡಮ್ಮೋರೇ’ ಎಂದರು. ‘ಮೊದ್ಲು ನಾಕು ದಿವ್ಸ ಸುಮ್ನೆ ಮಡಗಿದ್ದೆ. ಆಮೇಲೆ ಮಳೆ ಉಯ್ತಲ್ಲ, ತಂಡಿ ಆಯ್ತು. ಬೆಚ್ಗಿರ್ಬೇಕು ಅಂದಿದ್ರಿ. ಫೋನ್ ಮಾಡ್ದೆ, ನಿಮ್ಗೆ ಕೆಲ್ಸ ಇತ್ತು. ಅದ್ಕೇ ಸಣ್ದಾಗಿ ಉರಿ ಆಕ್ದೆ. ತೊಂಬತ್ತು ದಾಟಕ್ಕೆ ಬುಟ್ಟಿಲ್ಲ. ಸೊಪ್ಗೆ ಮೊದಲ್ನೇ ದಿವ್ಸ ಕೊಡ್ತೀವಲ್ಲ, ಆ ಕಾವು. ನಾನೂ ನಮ್ಮನೆಯೋಳೂ ಪಾಳಿ ಮೇಲೆ ಕುಂತು ನೋಡ್ಕಂಡಿದೀವಿ.’

ಹೊಗೆಸೊಪ್ಪು ಒಣಗಿಸುವವರಿಗೆ ಕಾವಿನ ಲೆಕ್ಕ ನನ್ನಂಥ ವಿಜ್ಞಾನದ ಮೇಡಮ್ಮನಿಗಿಂತ ಚೆನ್ನಾಗಿ ಗೊತ್ತು. ಒಂದು ಕೊಳ್ಳಿ ಹೆಚ್ಚಾದರೆ ಎಲೆ ಕಪ್ಪಗಾಗುತ್ತದೆ, ಕಡಿಮೆಯಾದರೆ ಬಣ್ಣ ಬರುವುದಿಲ್ಲ. ಗೋಡೆಯ ಗಾಜಿನ ಕಿಂಡಿಯೊಳಗೆ ಥರ್ಮಾಮೀಟರ್ ತೂಗುತ್ತಿತ್ತು. ಫ್ಯಾರನ್‌ಹೀಟಿನಲ್ಲಿ ಎಂಬತ್ತೊಂಬತ್ತು ತೋರಿಸುತ್ತಿತ್ತು, ನಮ್ಮ ಮೈಕಾವಿಗಿಂತ ಕಡಿಮೆ. ತಮ್ಮ ಬದುಕಿನಲ್ಲಿ ಕಲಿತ ಅತಿ ದೊಡ್ಡ ವಿದ್ಯೆಯನ್ನು ಆ ಮನುಷ್ಯ ಒಂದು ಆಮೆಗೆ ಧಾರೆಯೆರೆದಿದ್ದರು. ಎಲೆಯೊಳಗಿನ ನೀರನ್ನು ಹನಿ ಹನಿಯಾಗಿ, ಎಲೆಗೆ ನೋವಾಗದಂತೆ, ಹೊರಗೆ ತೆಗೆಯುವ ವಿದ್ಯೆ ಅದು.

‘ಮೆಲ್ಗೆ ಬನ್ನಿ, ಮಲ್ಗದೆ’ ಎಂದು ಪಿಸುಗುಟ್ಟಿ ಬಾಗಿಲು ತೆಗೆದರು.

ನೆಲ ಗುಡಿಸಿ ಸಾರಿಸಿತ್ತು. ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ಹಾಸಿದ್ದರು. ಅದರ ಮೇಲೆ ಆಮೆ. ಪಟ್ಟಿ ಬಿಚ್ಚಿ ನೋಡಿದೆ. ನಾನು ಕಡಲತೀರದಲ್ಲೂ ಅಷ್ಟು ಚೊಕ್ಕವಾಗಿ ಒಣಗಿದ ಗಾಯ ಕಂಡಿರಲಿಲ್ಲ. ಕೀವಿಲ್ಲ, ಹುಳವಿಲ್ಲ, ಅಂಚುಗಳು ಕೂಡಿಕೊಳ್ಳಲು ತಯಾರಾಗಿದ್ದವು. ಕಾಲು ಹಿಡಿದು ಎಳೆದೆ. ಕೊರಡಿನಂತಿತ್ತು. ಕುತ್ತಿಗೆಯ ಚರ್ಮ ಹಳೆಯ ಚಪ್ಪಲಿಯ ಹಾಗೆ ಸುಕ್ಕುಗಟ್ಟಿತ್ತು. ಹಿಂದಿನ ದಿನವೋ ಅದರ ಹಿಂದಿನ ದಿನವೋ ಸತ್ತಿರಬೇಕು. ಅವರು ಸತ್ತದ್ದಕ್ಕೂ ಕಾವು ಕೊಡುತ್ತ ಕೂತಿದ್ದರು.

‘ಸತ್ತಿದೆ’ ಎಂದೆ.

ರೈತರು ನಂಬಲಿಲ್ಲ. ಕೈ ಮುಂದೆ ಮಾಡಿ ಅದರ ತಲೆ ಮುಟ್ಟಿದರು, ಮತ್ತೆ ಮುಟ್ಟಿದರು. ಆಮೇಲೆ ಗೋಡೆಗೆ ಒರಗಿ ಹಾಗೇ ಕೆಳಗೆ ಕೂತರು.

ಗಾರ್ಡಿಗೆ ಸಿಟ್ಟು ಬಂತು, ಬರಬೇಕಾದ್ದೇ. ‘ಏನ್ರೀ ಇದು? ಆಮೇನ ಬ್ಯಾರನ್ನಲ್ಲಿ ಇಟ್ಟು ಬೆಂಕಿ ಹಾಕಿದೀರಲ್ರೀ? ಯಾರ್ರೀ ನಿಮಗೆ ಹೇಳಿದ್ದು?’

ರೈತರು ತಲೆಯೆತ್ತಿ ನನ್ನ ಕಡೆ ನೋಡಿದರು. ಒಂದು ಗಳಿಗೆ ಅಷ್ಟೇ. ನಾನು ಬಾಯಿ ತೆರೆಯಬೇಕಾಗಿದ್ದ ಗಳಿಗೆ. ನಾನು ಸೀರೆಗೆ ಅಂಟಿದ್ದ ಬೂದಿಯನ್ನು ಕೊಡವಿಕೊಳ್ಳುತ್ತಿದ್ದೆ.

‘ಯಾರೂ ಯೋಳ್ನಿಲ್ಲ ಸಾ. ನಾನೇ ಮಡಗ್ದೆ’ ಎಂದರು.

‘ಒಂದು ತೊಟ್ಟು ನೀರು ಕೊಡಬೇಕು ಅಂತಲೂ ಗೊತ್ತಾಗಲಿಲ್ವಾ? ಮೇಡಂ ಅಷ್ಟು ದೂರದಿಂದ ಬಂದು ಪಟ್ಟಿ ಕಟ್ಟಿ ಹೋಗಿದಾರೆ, ನೀವು ಹಿಂಗೆ ಮಾಡಿದೀರಿ’ ಎಂದು ಗಾರ್ಡು ಬೈಯುತ್ತಲೇ ಇದ್ದರು. ನಾನು ತಲೆಯಾಡಿಸುತ್ತ ನಿಂತಿದ್ದೆ. ಹೌದು, ತಲೆಯಾಡಿಸಿದೆ. ಬರೀ ಸುಮ್ಮನಿದ್ದೆ ಎಂದು ಬರೆದುಕೊಂಡರೆ ನನ್ನ ಮಾನ ಸ್ವಲ್ಪ ಉಳಿಯುತ್ತಿತ್ತು, ಆದರೆ ಆಡಿಸಿದ್ದು ನಿಜ. ಕಡ್ಡಿಯಿಂದ ಚುಚ್ಚಿದವನು, ಹಲ್ಲು ಕಿರಿದವನು, ಕಾಯಿ ಒಡೆದವರು, ಅವರಲ್ಲಿ ಯಾರೂ ಒಂದು ಆಮೆಯನ್ನು ಹೀಗೆ ಕೊಂದಿರಲಿಲ್ಲ. ನನ್ನಷ್ಟು ಕೀಳು ಅಲ್ಲಿ ಯಾರೂ ಇರಲಿಲ್ಲ.

ಗಾರ್ಡು ಆಮೆಯನ್ನು ಚೀಲದಲ್ಲಿ ಹಾಕಿಕೊಂಡು, ಕಾಗದದ ಮೇಲೆ ರೈತರ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ರೈತರ ಹೆಂಡತಿ ಮನೆಯೊಳಗಿಂದ ನನಗೊಂದು ಲೋಟ ಮಜ್ಜಿಗೆ ತಂದುಕೊಟ್ಟರು. ಕುಡಿದೆ. ಸ್ಕೂಟರಿನ ಹತ್ತಿರ ಹೋಗುವಾಗ ರೈತರು ಹಿಂದೆಯೇ ಬಂದರು.

‘ಒಂದ್ ಮಾತು ಕೇಳ್ಲಾ ಮೇಡಮ್ಮೋರೇ? ಕಡಲ ತಾವ ನೀವು ನೋಡ್ಕತಿದ್ರಂತಲ್ಲ, ಆ ಆಮೆಗಳ್ನೂ ಇಂಗೇಯ ಮಡಗ್ತಿದ್ರಾ? ನೀರು ಕೊಡ್ದೆ?’

ಕುಹಕವಿರಲಿಲ್ಲ, ನನ್ನನ್ನು ಹಿಡಿದುಹಾಕುವ ಆಸೆಯೂ ಇರಲಿಲ್ಲ. ತಮ್ಮ ಕೈಯಿಂದ ಎಲ್ಲಿ ತಪ್ಪಾಯಿತೆಂದು ತಿಳಿಯಬೇಕಿತ್ತು ಅವರಿಗೆ. ಇಲ್ಲ, ದಿನಾ ನೀರು ಕೊಡುತ್ತಿದ್ದೆವು ಎಂದರೆ, ಮತ್ತೆ ನನಗ್ಯಾಕೆ ಹೇಳಲಿಲ್ಲ ಎಂದು ಕೇಳುತ್ತಿದ್ದರು. ನಿಮ್ಮಂಥವರ ತಲೆಗೆ ಎರಡು ಮಾತು ಹಿಡಿಯುವುದಿಲ್ಲ ಅಂದುಕೊಂಡೆ ಎಂದು ಅವರ ಮುಖ ನೋಡಿ ನಾನು ಹೇಳಬೇಕಾಗುತ್ತಿತ್ತು.

‘ಹೌದು. ಅಲ್ಲೂ ಹೀಗೇ’ ಎಂದೆ.

ಅವರ ಹೆಗಲು ಕೆಳಗಿಳಿಯಿತು. ಎಷ್ಟೋ ದಿನದಿಂದ ಕಟ್ಟಿಕೊಂಡಿದ್ದ ಉಸಿರು ಬಿಟ್ಟರು.

‘ಅಂಗಾರೆ ನಾನ್ ಕೆಡಿಸ್ನಿಲ್ಲ ಬುಡಿ. ಅದ್ರ ಆಯಸ್ಸೇ ಅಷ್ಟು’ ಎಂದರು. ಆಮೇಲೆ ಕಣ್ಣೊರೆಸಿಕೊಂಡು, ‘ನಾಲೇಲಿ ಇನ್ನೂ ಅವೆ ಮೇಡಮ್ಮೋರೇ. ಇನ್ನೊಂದು ಏಟು ತಿಂದಿದ್ದು ಸಿಕ್ರೂ ನಿಮ್ಗೆ ತೊಂದ್ರೆ ಕೊಡಾಕಿಲ್ಲ. ನೀವ್ ಯೋಳ್ದಂಗೇ ಮಡಗ್ತೀನಿ’ ಎಂದರು.

ಆಗಲಿ ಎಂದು ಸ್ಕೂಟರ್ ಹತ್ತಿದೆ.